ಕಾಫಿ ಕಾಡಿನ ವಿಜ್ಞಾನ ಕಥನ: ಮೂಡಿಗೆರೆಯ ಪುಟಗಳಿಂದ ಪರದೆಗೆ

ಕನ್ನಡದ ವಿಜ್ಞಾನ ಕಥನ ಮೊದಲು ಕಣ್ಣು ನೆಟ್ಟದ್ದು ಆಕಾಶದ ಮೇಲೆ, ಯಂತ್ರದ ಮೇಲೆ. ರಾಜಶೇಖರ ಭೂಸನೂರಮಠ ಈ ಪ್ರಕಾರಕ್ಕೇ ತಮ್ಮ ಬರವಣಿಗೆಯ ಬಹುಭಾಗವನ್ನು ಮೀಸಲಿಟ್ಟರು. 1993ರಲ್ಲಿ ಬಾಳ ಫೋಂಡ್ಕೆ ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಸಂಪಾದಿಸಿದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಅವರದೂ ಸಂಜಯ ಹಾವನೂರರದೂ ಒಂದೊಂದು ಕಥೆ ಕನ್ನಡದಿಂದ ಸೇರಿದವು. ಈ ಬರಹಗಳಿಗೆ ನಿಷ್ಠ ಓದುಗರಿದ್ದರೂ ಅವು ಮನೆಮಾತಾಗಲಿಲ್ಲ. ಮನೆಮಾತಾದದ್ದು ಅನ್ಯಗ್ರಹವೂ ರೋಬೋಟೂ ಇಲ್ಲದ ಒಂದು ಪುಸ್ತಕ: ಪೂರ್ಣಚಂದ್ರ ತೇಜಸ್ವಿಯವರ (1938–2007) ‘ಕರ್ವಾಲೊ’, 1980.

ಅದು ಮೂಡಿಗೆರೆಯಲ್ಲಿ ಹುಟ್ಟಿದ್ದಕ್ಕೆ ಊರಿನದೇ ಕಾರಣವಿದೆ. ಕಾಫಿ, ಏಲಕ್ಕಿ, ಮೆಣಸಿನ ಸೀಮೆಯಲ್ಲಿ ವಿಜ್ಞಾನಿ ಅಪರೂಪದ ಪ್ರಾಣಿಯೇನಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಷ್ಟು ಹಳೆಯದು. ಮೂಡಿಗೆರೆಯ ಕೃಷಿ ಸಂಶೋಧನಾ ಕೇಂದ್ರದಿಂದ ಊರಿನ ಹೆಸರನ್ನೇ ಹೊತ್ತ ಏಲಕ್ಕಿ ತಳಿ ಬಂದಿದೆ. ಕಾಂಡಕೊರಕಕ್ಕೆ, ಕಟ್ಟೆ ರೋಗಕ್ಕೆ ಮದ್ದು ಕೇಳಲು ತೋಟದವರು ಅಧಿಕಾರಿಗಳ ಬಳಿ ಹೋಗಿ ಬರುತ್ತಲೇ ಇದ್ದರು. ಹಾಗಾಗಿ ಕರ್ವಾಲೊ ಎಂಬ ವಿಜ್ಞಾನಿಯನ್ನು ಕಥೆಯೊಳಗೆ ತರಲು ತೇಜಸ್ವಿ ಯಾವ ಕಸರತ್ತನ್ನೂ ಮಾಡಬೇಕಾಗಲಿಲ್ಲ. ಜೇನು ಸೊಸೈಟಿ, ಗದ್ದೆಯ ಕಷ್ಟ, ಜಮೀನು ಮಾರಿಬಿಡುವ ಯೋಚನೆಯಲ್ಲಿರುವ ನಿರೂಪಕ, ಇವಿಷ್ಟು ಇರುವಲ್ಲಿ ವಿಜ್ಞಾನಿಯೂ ತಾನಾಗಿ ಬಂದು ಸೇರುತ್ತಾನೆ.

ಕಾದಂಬರಿಯ ಗುರಿ ಒಂದು ಹಾರುವ ಓತಿ. ಪಶ್ಚಿಮ ಘಟ್ಟಗಳಲ್ಲಿ ಹಾರುವ ಓತಿ ನಿಜವಾಗಿಯೂ ಇದೆ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹಬ್ಬಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಕರ್ವಾಲೊ ಹುಡುಕುವುದು ಮಾತ್ರ ಯುಗಾಂತರಗಳ ಹಿಂದಿನಿಂದ ಉಳಿದುಬಂದಿರಬಹುದಾದ ಜೀವಿಯನ್ನು. ಈ ಊಹೆ ಪೂರಾ ಹಗಲುಗನಸೂ ಅಲ್ಲ. ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದಿದೆಯೆಂದು ನಂಬಿದ್ದ ಸೀಲಕಾಂತ್ ಮೀನು 1938ರಲ್ಲಿ ದಕ್ಷಿಣ ಆಫ್ರಿಕದ ಕರಾವಳಿಯಲ್ಲಿ ಜೀವಂತ ಸಿಕ್ಕಿತ್ತು. ಕಾನನ್ ಡಾಯ್ಲ್ 1912ರ ‘ದ ಲಾಸ್ಟ್ ವರ್ಲ್ಡ್’ನಲ್ಲಿ ಇಂಥದೇ ಯಾತ್ರೆಯನ್ನು ಬರೆದಿದ್ದ. ಅಲ್ಲಿ ಪ್ರೊಫೆಸರ್ ಚಾಲೆಂಜರ್ ಹಾರುವ ಸರೀಸೃಪವನ್ನು ಲಂಡನ್ನಿನ ಸಭೆಗೇ ಹೊತ್ತು ತರುತ್ತಾನೆ, ಅದು ಕಿಟಕಿಯಿಂದ ಪರಾರಿಯಾಗುತ್ತದೆ. ಮೂಡಿಗೆರೆಯ ತಂಡಕ್ಕೆ ಸಭೆಯ ಹಂಬಲವಿಲ್ಲ. ಡಾಯ್ಲ್‌ನ ಕಾಡಿನಲ್ಲಿ ಸ್ಥಳೀಯರು ಹೊರೆಯಾಳುಗಳು. ಇಲ್ಲಿ ಓತಿಯನ್ನು ಮೊದಲು ಕಂಡವನೇ ಊರಿನವರು ದಡ್ಡನೆಂದು ತಳ್ಳಿಹಾಕಿದ್ದ ಮಂದಣ್ಣ. ಅವನು ಹುಟ್ಟು ನಿಸರ್ಗವಾದಿ ಎಂಬುದನ್ನು ಗುರುತಿಸುವವನು ವಿಜ್ಞಾನಿ. ಬಿರಿಯಾನಿ ಕರಿಯಪ್ಪ, ಎಂಗ್ಟ, ಫೋಟೋಗ್ರಾಫರ್ ಪ್ರಭಾಕರ, ಕಿವಿ ಎಂಬ ನಾಯಿ, ಎಲ್ಲರೂ ಸೇರಿದ ಈ ಮೇಳವೇ ಮೊದಲ ಓದಿಗೆ ನಗೆಯುಕ್ಕಿಸುತ್ತದೆ. ಮರುಓದಿನಲ್ಲಿ ಅದೇ ಗಂಭೀರವಾಗಿ ಕಾಣುತ್ತದೆ. ಜೇನಿನ ಅಧ್ಯಾಯಗಳೂ ಈಗ ಬೇರೆಯಾಗಿಯೇ ಕೇಳುತ್ತವೆ: 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ಜೇನುಪೆಟ್ಟಿಗೆಗಳನ್ನು ಬರಿದುಮಾಡಿತು.

‘ಚಿದಂಬರ ರಹಸ್ಯ’ (1985) ಪತ್ತೇದಾರಿಯ ವೇಷದಲ್ಲಿ ಬಂತು. ಏಲಕ್ಕಿ ಇಳುವರಿ ಏಕೆ ಕುಸಿಯಿತು ಎಂಬ ಪ್ರಶ್ನೆಯೊಂದಿಗೆ ತನಿಖಾಧಿಕಾರಿ ಕೆಸರೂರಿಗೆ ಬರುತ್ತಾನೆ. ಸಂಶೋಧಕನೊಬ್ಬನ ಸಾವೂ ಅದಕ್ಕೆ ತಳುಕು ಹಾಕಿಕೊಳ್ಳುತ್ತದೆ. ಉತ್ತರ ಸಿಗುವ ಮೊದಲೇ ಊರನ್ನು ಬೆಂಕಿ ಮುತ್ತುತ್ತದೆ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಕೃತಿಗೆ ಬಂತು. ‘ಜುಗಾರಿ ಕ್ರಾಸ್’ (1994) ವೇಗದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಏಲಕ್ಕಿ ಮಾರಲು ಹೊರಟ ಗಂಡಹೆಂಡಿರ ಒಂದೇ ದಿನದ ಕಥೆ. ಇವುಗಳ ಬದಿಯಲ್ಲೇ ‘ಮಿಸ್ಸಿಂಗ್ ಲಿಂಕ್’, ‘ಫ್ಲೈಯಿಂಗ್ ಸಾಸರ್ಸ್’, ಮಿಲೇನಿಯಂ ಸರಣಿ ಬಂದವು. ಹಾರುವ ತಟ್ಟೆಗಳು ಕಡೆಗೂ ಮೂಡಿಗೆರೆಗೆ ಬಂದಿಳಿದದ್ದು ಹೀಗೆ, ಕಥೆಯಾಗಿಯಲ್ಲ, ಮಾಹಿತಿಯಾಗಿ.

ತೆರೆಯ ಚರಿತ್ರೆ ಬೇರೆ. ಕನ್ನಡ ಚಿತ್ರರಂಗ ವಿಜ್ಞಾನವನ್ನು ಮುಟ್ಟಿದ್ದೇ ಅಪರೂಪ: ಲೋಹವನ್ನು ಚಿನ್ನವಾಗಿಸುವ ಸೂತ್ರದ ಸುತ್ತ ಹೆಣೆದ ‘ಜೇಡರ ಬಲೆ’ (1968), ರೋಬೋಟಿನ ‘ಹಾಲಿವುಡ್’ (2002), ಕಾಲಯಾನದ ‘ಬ್ಲಿಂಕ್’ (2024). ದೂರದರ್ಶನದ ಕಾಲದಲ್ಲಿ ‘ಸ್ಟಾರ್ ಟ್ರೆಕ್’ ನೋಡಿದ ಪೀಳಿಗೆಗೆ ಕನ್ನಡದಲ್ಲಿ ಅದರ ಸಾಟಿ ಸಿಗಲಿಲ್ಲ.

ಮೂಡಿಗೆರೆಯಿಂದ ಸಿನಿಮಾ ಎತ್ತಿಕೊಂಡದ್ದು ಮುಖ್ಯವಾಗಿ ಒಂದೇ ಪುಸ್ತಕವನ್ನು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಿಂದ ನಾಲ್ಕು ಚಿತ್ರಗಳಾಗಿವೆ. ಶೀರ್ಷಿಕೆಯ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್ ಅದೇ ವರ್ಷ ತೆರೆಗೆ ತಂದರು. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ 1986ರ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು; ತಬರನಾದ ಚಾರುಹಾಸನ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ‘ಕುಬಿ ಮತ್ತು ಇಯಾಲ’ವನ್ನು ಸದಾನಂದ ಸುವರ್ಣ ನಿರ್ದೇಶಿಸಿದರು. ಹಳ್ಳಿಯ ವೈದ್ಯನೊಬ್ಬ ಸಾವಿನ ಕಾರಣವನ್ನು ಕೆದಕುವ ಈ ಕಥೆಯೇ ನಾಲ್ಕರಲ್ಲಿ ವೈಜ್ಞಾನಿಕ ಮನೋಭಾವಕ್ಕೆ ಅತಿ ಹತ್ತಿರದ್ದು, ಮತ್ತು ಅತಿ ಕಡಿಮೆ ನೆನಪಿನಲ್ಲಿ ಉಳಿದದ್ದು. ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಬಂದದ್ದು ಕಥೆ ಅಚ್ಚಾಗಿ ಅರ್ಧ ಶತಮಾನವಾದ ಮೇಲೆ. ಅದಕ್ಕೆ ಹಣ ಹೂಡಿದವರು ತೇಜಸ್ವಿ ಓದುಗರೇ. ಈ ನಾಲ್ಕರ ಹೊರಗೆ ಸುಮನಾ ಕಿತ್ತೂರು ಅವರ ‘ಕಿರಗೂರಿನ ಗಯ್ಯಾಳಿಗಳು’ (2016) ಇದೆ. ಗಿರೀಶ ಕಾರ್ನಾಡರು ‘ಚಿದಂಬರ ರಹಸ್ಯ’ವನ್ನು ದೂರದರ್ಶನಕ್ಕಾಗಿ ಟೆಲಿಫಿಲ್ಮ್ ಮಾಡಿದರು.

ಕಚೇರಿ, ಕಾಲೇಜು, ಬೀದಿಜಗಳಗಳ ತೇಜಸ್ವಿ ತೆರೆಗೆ ಸುಲಭವಾಗಿ ಒಗ್ಗಿದರು. ಕಾಡಿನ ತೇಜಸ್ವಿ ಒಗ್ಗಲಿಲ್ಲ. ದುಡ್ಡು, ಗ್ರಾಫಿಕ್ಸ್ ಎಂಬ ನೆಪ ಅರ್ಧ ಮಾತ್ರ ನಿಜ. ‘ಕರ್ವಾಲೊ’ದಲ್ಲಿ ಖಳನಿಲ್ಲ, ಪ್ರೇಮದ ಎಳೆ ತೆಳುವು, ಕಥೆಯ ತುದಿಯಲ್ಲಿ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಓದುಗನನ್ನು ಹಿಡಿದಿಡುವುದು ನಿರೂಪಕನ ಅನುಮಾನ ಕರಗುತ್ತ ಹೋಗುವ ಬಗೆ. ಕ್ಯಾಮೆರಾಗೆ ಅದು ದಕ್ಕುವುದು ಕಷ್ಟ. ನಿರೂಪಕ ನೇರ ಪ್ರೇಕ್ಷಕರೊಂದಿಗೆ ಮಾತಾಡಬಲ್ಲ ರಂಗಭೂಮಿಗೆ ಈ ತೊಡಕಿಲ್ಲ. ‘ಕರ್ವಾಲೊ’ ನಾಟಕವಾಗಿ ರಂಗಕ್ಕೆ ಬಂದದ್ದು ಅದಕ್ಕೇ ಇರಬೇಕು. ‘ಕೃಷ್ಣೇಗೌಡನ ಆನೆ’ಯಂತೂ ಆನೆಯ ಗೋಜಿಲ್ಲದೆಯೇ ಮತ್ತೆ ಮತ್ತೆ ಪ್ರದರ್ಶನ ಕಂಡಿದೆ. ಸಿನಿಮಾದವರು ಹಲವು ಸಲ ಘೋಷಿಸಿರುವುದು ‘ಜುಗಾರಿ ಕ್ರಾಸ್’ ಅನ್ನು, ಅಂದರೆ ಕಾಡಿನ ಕಾದಂಬರಿಗಳ ಪೈಕಿ ಬೆನ್ನಟ್ಟುವಿಕೆ ಹೆಚ್ಚಿರುವ, ವಿಜ್ಞಾನ ಕಡಿಮೆಯಿರುವ ಒಂದನ್ನು.