ತಂತ್ರಾಂಶ ಕೆಲಸದಲ್ಲಿ ಆದ್ಯತೆಯ ನಿರ್ಣಯ: ಇತಿಹಾಸ

ತಂತ್ರಾಂಶ ಎಂಜಿನಿಯರುಗಳು ತಮ್ಮ ಮುಂದಿರುವ ಕೆಲಸಗಳಲ್ಲಿ ಮೊದಲು ಯಾವುದನ್ನು ಹಿಡಿಯಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುವ ಕ್ರಮ.

ಮೊದಲ ದಶಕಗಳ ದೊಡ್ಡ ಯೋಜನೆಗಳಲ್ಲಿ ಬೇಕಾದದ್ದನ್ನೆಲ್ಲ ಮುಂಚೆಯೇ ಬರೆದಿಟ್ಟು ಎಲ್ಲವನ್ನೂ ಮಾಡಿ ಮುಗಿಸುವ ಹಟವೇ ಹೆಚ್ಚು. ಐಬಿಎಂನ ಓಎಸ್/360 ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಯೋಜನೆಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು 1975ರಲ್ಲಿ ಬರೆದರು. ಜನ ಹೆಚ್ಚಿಸಿ ಪ್ರಯೋಜನವಿಲ್ಲ ಎಂದಮೇಲೆ ಕೆಲಸವನ್ನೇ ಆರಿಸಿಕೊಳ್ಳಬೇಕಾಯಿತು. 1994ರಲ್ಲಿ ಒರಾಕಲ್‌ನ ಡೈ ಕ್ಲೆಗ್ ಬೇಡಿಕೆಗಳನ್ನು ನಾಲ್ಕಾಗಿ ವಿಂಗಡಿಸಿದರು: ಆಗಲೇಬೇಕಾದದ್ದು, ಆಗಬೇಕಾದದ್ದು, ಆದರೆ ಒಳ್ಳೆಯದು, ಈ ಸಲಕ್ಕೆ ಬೇಡ. ಕೊನೆಯ ಗುಂಪೇ ಇದರ ಹೆಚ್ಚುಗಾರಿಕೆ. ‘ಬೇಡ’ ಎನ್ನುವುದಕ್ಕೂ ಅಲ್ಲಿ ಅಧಿಕೃತ ಜಾಗ ಸಿಕ್ಕಿತು. ಕೆಂಟ್ ಬೆಕ್ 1999ರಲ್ಲಿ ವಿವರಿಸಿದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಹೊಣೆಯನ್ನು ಹಂಚಿತು: ಯಾವುದು ಮೊದಲು ಎಂಬುದನ್ನು ಗ್ರಾಹಕ ಹೇಳಬೇಕು, ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಪ್ರೋಗ್ರಾಮರ್ ಹೇಳಬೇಕು.

ಈ ಇತಿಹಾಸದ ಬಹುಮುಖ್ಯ ಪ್ರಯೋಗಕ್ಕೆ ಹೈದರಾಬಾದಿನ ನಂಟಿದೆ. ಮೈಕ್ರೋಸಾಫ್ಟ್‌ನ ಒಳಬಳಕೆಯ ತಂತ್ರಾಂಶಗಳನ್ನು ಅಲ್ಲಿನ ಒಂದು ಸಣ್ಣ ತಂಡ ನಿರ್ವಹಿಸುತ್ತಿತ್ತು: ಮೂವರು ಡೆವಲಪರ್‌ಗಳು, ಮೂವರು ಟೆಸ್ಟರ್‌ಗಳು. 2004ರಲ್ಲಿ ಎಂಬತ್ತಕ್ಕೂ ಹೆಚ್ಚು ಕೋರಿಕೆಗಳು ಬಾಕಿ ಬಿದ್ದಿದ್ದವು. ಒಂದು ಕೋರಿಕೆ ಮುಗಿಯಲು ಸರಾಸರಿ ಐದು ತಿಂಗಳು ಹಿಡಿಯುತ್ತಿತ್ತು. ತಂಡದವರು ಸೋಮಾರಿಗಳಾಗಿರಲಿಲ್ಲ. ಬಂದ ಪ್ರತಿ ಕೋರಿಕೆಗೂ 48 ಗಂಟೆಯೊಳಗೆ ಅಂದಾಜು ಕೊಡಬೇಕಿತ್ತು. ಅದಕ್ಕಾಗಿ ಒಬ್ಬ ಡೆವಲಪರ್ ಮತ್ತು ಒಬ್ಬ ಟೆಸ್ಟರ್ ಕೈಲಿದ್ದ ಕೆಲಸ ಬಿಟ್ಟು ಸುಮಾರು ಒಂದು ದಿನ ಕೂರಬೇಕಿತ್ತು. ಹೀಗೆ ಅಂದಾಜು ಹಾಕಿದ ಎಷ್ಟೋ ಕೆಲಸಗಳು ಕೊನೆಗೆ ನಡೆಯುತ್ತಲೇ ಇರಲಿಲ್ಲ. ಆದ್ಯತೆ ಗೊತ್ತುಮಾಡುವ ವ್ಯವಸ್ಥೆಯೇ ತಂಡದ ಶಕ್ತಿಯ ಮೂರರಲ್ಲೊಂದು ಪಾಲನ್ನು ನುಂಗುತ್ತಿತ್ತು.

ವ್ಯವಸ್ಥಾಪಕ ಡ್ರಾಗೋಸ್ ಡುಮಿಟ್ರಿಯು, ಸಹೋದ್ಯೋಗಿ ಡೇವಿಡ್ ಆಂಡರ್ಸನ್ ಅವರ ಸಲಹೆಯಂತೆ ಅಂದಾಜು ಹಾಕುವುದನ್ನೇ ನಿಲ್ಲಿಸಿದರು. ಒಮ್ಮೆಗೆ ಕೈಗೆತ್ತಿಕೊಳ್ಳುವ ಕೆಲಸಕ್ಕೆ ಮಿತಿ ಹಾಕಿದರು. ಜಾಗ ಖಾಲಿಯಾದಾಗ ಮಾತ್ರ ‘ಮುಂದಿನದು ಯಾವುದು?’ ಎಂದು ಕೇಳಿದರು. ಮುಂದೆ ಡೆವಲಪರ್‌ಗಳ ಸಂಖ್ಯೆಯೂ ಹೆಚ್ಚಿತು. ಕಡೆಗೆ ಐದು ತಿಂಗಳ ಕಾಯುವಿಕೆ ಸುಮಾರು ಎರಡು ವಾರಕ್ಕಿಳಿಯಿತು. ಅಂಕ ಕೊಟ್ಟು ಪಟ್ಟಿ ಜೋಡಿಸುವ ಎಷ್ಟೋ ಸೂತ್ರಗಳಿಗಿಂತ ಈ ಮಿತಿಯೇ ದೊಡ್ಡ ಸುಧಾರಣೆ ಎನ್ನಬೇಕು.

ಮಿತಿಯ ವಿಚಾರ ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯ್‌ಚಿ ಓನೊ ರೂಪಿಸಿದ ಕಾನ್‌ಬಾನ್ ಪದ್ಧತಿಗೆ ಸೇರಿದ್ದು. ಆಂಡರ್ಸನ್ 2010ರಲ್ಲಿ ಪ್ರಕಟಿಸಿದ ‘ಕಾನ್‌ಬಾನ್’ ಪುಸ್ತಕದಲ್ಲಿ ಹೈದರಾಬಾದ್ ತಂಡದ ಈ ಪ್ರಕರಣಕ್ಕೆ ಪ್ರತ್ಯೇಕ ಅಧ್ಯಾಯವಿದೆ.