ರೀಪ್ಯಾಕ್ ಇಳಿಜಾರಿನ ಪ್ರೌಢ ವಿದ್ಯಾರ್ಥಿಗಳು

ಸೈಕಲ್ ಎಂದರೆ ಚಿಕ್ಕಂದಿನಲ್ಲಿ ಬಿದ್ದು ಎದ್ದು ಕಲಿಯುವ ವಿದ್ಯೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡ ಸೈಕಲ್ಲಿನ ಸೀಟು ಎಟುಕದೆ, ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದ ಹುಡುಗರನ್ನು ಕಂಡ ನಾಡಿಗೆ ಈ ನಂಬಿಕೆ ಸಹಜವೇ. ಮಟ್ಟಸ ರಸ್ತೆಯ ಮಾತೇ ಹೀಗಿರುವಾಗ, ಕಲ್ಲು ಬೇರುಗಳ ಕಡಿದಾದ ದಾರಿಯಲ್ಲಿ ಇಳಿಯುವ ಮೌಂಟನ್ ಬೈಕಿಂಗನ್ನು ನಲವತ್ತರಲ್ಲಿ ಕಲಿಯಲು ಹೊರಟವರನ್ನು ಜನ ಅನುಮಾನದಿಂದ ನೋಡುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ಆಟದ ಚರಿತ್ರೆ ಆ ಅನುಮಾನವನ್ನು ಎತ್ತಿಹಿಡಿಯುವುದಿಲ್ಲ. ಮೌಂಟನ್ ಬೈಕಿಂಗ್ ಮಕ್ಕಳಾಟವಾಗಿ ಹುಟ್ಟಿ ದೊಡ್ಡವರ ಕೈಗೆ ಬಂದದ್ದಲ್ಲ. ಅದರ ಕೌಶಲವನ್ನು ಕಟ್ಟಿದವರು ಬೆಳೆದು ನಿಂತವರು, ಕಟ್ಟಿದ್ದೂ ದೊಡ್ಡವರಿಗೆ ಒಗ್ಗುವ ಕ್ರಮದಲ್ಲಿ.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಪಟ್ಟಣದ ಹತ್ತಿರ, ಕಾಡ್ಗಿಚ್ಚು ನಂದಿಸುವವರ ವಾಹನಗಳಿಗೆಂದು ಕಡಿದ ಒಂದು ಮಣ್ಣುರಸ್ತೆ ಇದೆ. ಎರಡು ಮೈಲಿಗಿಂತ ತುಸು ಹೆಚ್ಚಿನ ದೂರದಲ್ಲಿ ಅದು ಸುಮಾರು 1,300 ಅಡಿ ಕೆಳಗಿಳಿಯುತ್ತದೆ. 1976ರ ಅಕ್ಟೋಬರ್‌ನಲ್ಲಿ ಕೆಲವು ಗೆಳೆಯರು ಇಲ್ಲಿ ಗಡಿಯಾರ ಹಿಡಿದು ಪಂದ್ಯ ನಡೆಸಿದರು. ಅವರ ಸೈಕಲ್‌ಗಳು 1930-40ರ ದಶಕದ, ದಪ್ಪ ಟೈರಿನ, ಗುಜರಿಯಿಂದ ಎತ್ತಿ ತಂದ ಶ್ವಿನ್ ಕಂಪನಿಯ ಹಳೆಯ ಮಾಲು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರದ ಹಬ್ಬಿನೊಳಗೇ ಹಿಡಿಯುವ ಬ್ರೇಕು ಅವಕ್ಕಿತ್ತು. ಒಂದು ಸಲ ಬುಡ ಮುಟ್ಟುವಷ್ಟರಲ್ಲಿ ಹಬ್ಬು ಕಾದು, ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಬಿಚ್ಚಿ ಹೊಸ ಗ್ರೀಸು ತುಂಬದೆ ಮತ್ತೆ ಇಳಿಯುವಂತಿರಲಿಲ್ಲ. ಆ ದಾರಿಗೆ ರೀಪ್ಯಾಕ್, ಅಂದರೆ ‘ಮತ್ತೆ ತುಂಬು’, ಎಂಬ ಹೆಸರು ಬಂದದ್ದು ಹೀಗೆ. ಪಂದ್ಯ ನಡೆಸುತ್ತಿದ್ದ ಚಾರ್ಲಿ ಕೆಲ್ಲಿ ಮೂವತ್ತರ ಆಸುಪಾಸಿನವರು, ಗ್ಯಾರಿ ಫಿಶರ್‌ಗೆ 25, ಜೋ ಬ್ರೀಝ್ ಇಪ್ಪತ್ತು ದಾಟಿದವರು. ತರುಣರು ನಿಜ, ಆದರೆ ಬಾಲಕರಂತೂ ಅಲ್ಲ. ಹೇಗೆ ಇಳಿಯಬೇಕೆಂದು ಹೇಳಿಕೊಡುವ ಗುರುವಾಗಲಿ ಪುಸ್ತಕವಾಗಲಿ ಅವರಿಗಿರಲಿಲ್ಲ.

ಅವರು ಕಲಿತ ರೀತಿಯೇ ಇಲ್ಲಿ ಮುಖ್ಯ. ಸೈಕಲ್‌ಗಳನ್ನು ಪಿಕಪ್ ಟ್ರಕ್ಕಿಗೆ ಹೇರಿ ಮೇಲೇರುವುದು, ಒಬ್ಬೊಬ್ಬರಾಗಿ ಕೆಳಗಿಳಿಯುವುದು, ತೆಗೆದುಕೊಂಡ ಸಮಯವನ್ನು ಬರೆದಿಡುವುದು, ಮುಂದಿನ ಸಲ ಅದೇ ದಾರಿಗೆ ಮರಳುವುದು. ಹೊಸ ಹೊಸ ಗುಡ್ಡ ಹುಡುಕುವ ಚಪಲ ಪಂದ್ಯದ ದಿನ ನಡೆಯುತ್ತಿರಲಿಲ್ಲ. ದಾರಿಯ ತಿರುವುಗಳಿಗೆ ಹೆಸರುಗಳೂ ಬಿದ್ದವು. ಫೋಟೊ ತೆಗೆಯುವವರು ನಿಲ್ಲುತ್ತಿದ್ದ ಜಾಗ ಕ್ಯಾಮೆರಾ ಕಾರ್ನರ್ ಆಯಿತು. ಮತ್ತೊಂದು ಕಡೆ, ಅಲ್ಲಿ ಮುಗ್ಗರಿಸಿ ಬಿದ್ದ ಸವಾರನ ಹೆಸರೇ ನಿಂತುಬಿಟ್ಟಿತು. ತಿರುವಿಗೊಂದು ಹೆಸರಿದ್ದರೆ ಅದರ ಬಗ್ಗೆ ಮಾತಾಡಬಹುದು, ಎಲ್ಲಿ ಬ್ರೇಕು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ವಾದ ಮಾಡಬಹುದು. ಮಗು ಮೈಯಿಂದ ಕಲಿಯುವುದನ್ನು ದೊಡ್ಡವರು ಮಾತು, ನೆನಪು, ಅಳತೆಗಳ ಮೂಲಕವೂ ಕಲಿಯಬಲ್ಲರು. ಫಿಶರ್ ಆ ಇಳಿಜಾರನ್ನು 4 ನಿಮಿಷ 22 ಸೆಕೆಂಡಿನಲ್ಲಿ ಮುಗಿಸಿದರು, ಅಂದರೆ ಗಂಟೆಗೆ ಸರಾಸರಿ 45 ಕಿಲೋಮೀಟರಿಗೂ ಮಿಕ್ಕಿದ ವೇಗ. ಬ್ರೀಝ್ ಅವರ ಅತ್ಯುತ್ತಮ ಸಮಯ ಅದಕ್ಕಿಂತ ಬರೀ ಎರಡು ಸೆಕೆಂಡು ಹೆಚ್ಚು. ಹಲ್ಲಿಲ್ಲದ ಬ್ರೇಕಿನ, ಗುಜರಿಯ ಸೈಕಲ್ಲುಗಳ ಕಾಲದಲ್ಲಿ ಇಬ್ಬರು ಅಷ್ಟು ಹತ್ತಿರಕ್ಕೆ ಬರಬೇಕಾದರೆ ಆ ದಾರಿಯ ಒಂದೊಂದು ಕಲ್ಲೂ ಬಾಯಿಪಾಠವಾಗಿರಬೇಕು.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಫಿಶರ್, ಬ್ರೀಝ್, ಕೆಲ್ಲಿ ಮೊದಲೇ ರಸ್ತೆ ಸೈಕ್ಲಿಂಗಿನಲ್ಲಿ ಪಳಗಿದವರು. ಅವರನ್ನು ಹೊಸಬರೆನ್ನುವುದು ಹೇಗೆ? ದಮ್ಮು, ಕಾಲಿನ ಕಸುವು ಅವರಿಗೆ ಅಲ್ಲಿಂದಲೇ ಬಂದಿತ್ತು, ಒಪ್ಪೋಣ. ಆದರೆ ಸಪೂರ ಟೈರಿನಲ್ಲಿ ಡಾಂಬರಿನ ಮೇಲೆ ಮುಂದಕ್ಕೆ ಬಾಗಿ ಓಡಿಸುವವನಿಗೆ ಹಿಂಚಕ್ರ ಜಾರುವುದೆಂದರೆ ಅನಾಹುತ. ರೀಪ್ಯಾಕ್‌ನಲ್ಲಿ ಚಕ್ರ ಜಾರಿಸುತ್ತಲೇ ತಿರುವು ತೆಗೆದುಕೊಳ್ಳಬೇಕಿತ್ತು. ಹಳೆಯ ರೂಢಿ ನೆರವಾದದ್ದಕ್ಕಿಂತ ಅಡ್ಡಬಂದದ್ದೇ ಹೆಚ್ಚಿರಬೇಕು ಎಂಬುದು ನನ್ನ ಅಂದಾಜು. ಹಾಗೆ ನೋಡಿದರೆ ಯಾವ ಪೂರ್ವಸಿದ್ಧತೆಯೂ ಇಲ್ಲದ ಉದಾಹರಣೆ ಇನ್ನೂ ಹಿಂದಿನದು: ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ 53ರ ವಯಸ್ಸಿನಲ್ಲಿ, ಜೊತೆಗಾರರ ಆಸರೆ ಹಿಡಿದು, ದಿನಕ್ಕೆ ಅಷ್ಟಿಷ್ಟು ಹೊತ್ತು ಅಭ್ಯಾಸ ಮಾಡಿ ಸೈಕಲ್ ಕಲಿತರು; 1895ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ಬರೆದರು.

ಎರಡನೆಯ ಆಕ್ಷೇಪ, ಎಳೆಯ ವಯಸ್ಸಿನಲ್ಲೇ ಶುರುಮಾಡಿದವರು ಮುಂದೆ ಎಲ್ಲರನ್ನೂ ಹಿಂದಿಕ್ಕಿದರಲ್ಲವೇ ಎಂಬುದು. ಚಿಕ್ಕ ಚಕ್ರದ ಬಿಎಂಎಕ್ಸ್ ಸೈಕಲ್ಲಿನಲ್ಲಿ ಬೆಳೆದ ಜಾನ್ ಟೊಮ್ಯಾಕ್‌ರಂಥವರಿಗೆ ಇಳಿಯುವುದರಲ್ಲಿ, ಹಾರುವುದರಲ್ಲಿ ಇದ್ದ ಸಲೀಸನ್ನು ಅಲ್ಲಗಳೆಯಲಾಗದು. ಆದರೂ 1990ರಲ್ಲಿ ಕೊಲೊರಾಡೊದ ಡ್ಯುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಕ್ರಾಸ್ ಕಂಟ್ರಿ ಗೆದ್ದ ನೆಡ್ ಓವರೆಂಡ್‌ಗೆ 35 ವರ್ಷ. ಈ ಆಟವೇ ಹೊಸದಾದ್ದರಿಂದ ಅವರು ಇದಕ್ಕೆ ಬಂದದ್ದು ಬೆಳೆದ ಮೇಲೆ. ಮಹಿಳೆಯರಲ್ಲಿ ಗೆದ್ದ ಜೂಲಿ ಫುರ್ಟಾಡೊ ಮಂಡಿನೋವಿನಿಂದ ಸ್ಕೀಯಿಂಗ್ ಬಿಟ್ಟು ಬಂದವರು. 2015ರಲ್ಲಿ, 59ರ ವಯಸ್ಸಿನಲ್ಲಿ, ಓವರೆಂಡ್ ಮತ್ತೆ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿಯೊಂದನ್ನು ಗೆದ್ದರು, ಈ ಸಲ ಹಿಮದ ಮೇಲೆ ಓಡಿಸುವ ಫ್ಯಾಟ್ ಬೈಕಿನಲ್ಲಿ. ಇಂಥವರು ಅಪರೂಪದ ಮೈಕಟ್ಟಿನವರು ಎನ್ನಬಹುದು; ಅದು ಸರಿಯೇ. ಹಾಗಾಗಿಯೇ ನನಗೆ ಅವರಿಗಿಂತ ಜಾಕಿ ಫೆಲನ್ ಮುಖ್ಯರಾಗಿ ಕಾಣುತ್ತಾರೆ. 1983ರಿಂದ ಮೂರು ವರ್ಷ ಸತತವಾಗಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಅವರು, ಆ ದಶಕದಲ್ಲೇ ಚಹಾಕೂಟವನ್ನೂ ಹೆಸರಿನಲ್ಲೇ ಸೇರಿಸಿಕೊಂಡ ತಮಾಷೆಯ ಸಂಘವೊಂದನ್ನು ಕಟ್ಟಿ, ಬೆಳೆದ ಹೆಂಗಸರಿಗೆ ಮಣ್ಣುದಾರಿಯ ಸವಾರಿ ಕಲಿಸಿದರು. ಅಲ್ಲಿಗೆ ಬಂದವರಿಗೆ ಪದಕದ ಹಂಬಲವಿರಲಿಲ್ಲ.

ಗಾಯದ ಭಯವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು. ನಲವತ್ತರ ಮೂಳೆ ಹತ್ತರ ಮೂಳೆಯಷ್ಟು ಬೇಗ ಕೂಡುವುದಿಲ್ಲ, ಮುರಿದ ಕೈಯಿಂದ ಕೆಲಸಕ್ಕೆ ಹೋಗಲೂ ಆಗದು. ರೀಪ್ಯಾಕ್‌ನವರು ಜೀನ್ಸು, ಬೂಟು, ಕೈಗವಸುಗಳ ಭರವಸೆಯ ಮೇಲೆಯೇ ಇಳಿಯುತ್ತಿದ್ದರು. ಅದನ್ನು ಯಾರೂ ಅನುಸರಿಸಬೇಕಿಲ್ಲ. ಆದರೆ ಈ ಭಯಕ್ಕೂ ಅವರ ಕ್ರಮದಲ್ಲೇ ಉತ್ತರದ ಅರ್ಧಭಾಗವಿದೆ: ಗೊತ್ತಿರುವ ಇಳಿಜಾರಿನಲ್ಲಿ ವೇಗವನ್ನು ಮೆಲ್ಲಗೆ ಏರಿಸಬಹುದು, ಗೊತ್ತಿಲ್ಲದ ದಾರಿಯಲ್ಲಿ ಪ್ರತಿ ತಿರುವೂ ಜೂಜು.

ಹೀಗೆ ಒಂದೇ ದಾರಿಗೆ ಮತ್ತೆ ಮತ್ತೆ ಮರಳಬೇಕಾದ್ದರಿಂದ ವಯಸ್ಸಿಗಿಂತ ದೊಡ್ಡ ತೊಡಕು ಜಾಗದ್ದು. ರೀಪ್ಯಾಕ್ ಪಂದ್ಯಗಳು 1984ರಲ್ಲಿ ನಿಂತವು. ಕಾಲ್ನಡಿಗೆಯವರು, ಕುದುರೆ ಸವಾರರ ದೂರುಗಳ ನಡುವೆ ಮರಿನ್ ಕೌಂಟಿಯಲ್ಲಿ ಸೈಕಲ್‌ಗಳಿಗೆ ಕಿರುದಾರಿಗಳು ಮುಚ್ಚಿದವು, ಅಗಲದ ಮಣ್ಣುರಸ್ತೆಗಳಲ್ಲಿ ಗಂಟೆಗೆ 15 ಮೈಲಿಯ ಮಿತಿ ಬಂತು. ಅಂದರೆ ಫಿಶರ್ ಇಳಿದ ವೇಗದ ಹೆಚ್ಚುಕಮ್ಮಿ ಅರ್ಧ. ದಾರಿ ಕಳೆದುಕೊಂಡ ಆ ಕಲಿಕೆಗೆ ಮತ್ತೆ ಜಾಗ ಸಿಕ್ಕಿದ್ದು ಸ್ಕೀ ಬೆಟ್ಟಗಳಲ್ಲಿ. ಕೆನಡಾದ ವಿಸ್ಲರ್‌ನಲ್ಲಿ 1999ರಲ್ಲಿ ತೆರೆದ ಬೈಕ್ ಪಾರ್ಕು ಬೇಸಿಗೆಯಲ್ಲಿ ಖಾಲಿ ತೂಗುತ್ತಿದ್ದ ಲಿಫ್ಟುಗಳಿಗೆ ಸೈಕಲ್ ಏರಿಸಿತು. ಸುಲಭದಿಂದ ಕಷ್ಟಕ್ಕೆ ಸಾಗುವ ಸ್ಕೀಯಿಂಗಿನ ಹಸಿರು, ನೀಲಿ, ಕಪ್ಪು ಗುರುತುಗಳೇ ಅಲ್ಲಿನ ದಾರಿಗಳಿಗೂ ಬಂದವು. ಪಿಕಪ್ ಟ್ರಕ್ಕು ಮಾಡುತ್ತಿದ್ದ ಕೆಲಸವನ್ನು ಈಗ ಲಿಫ್ಟು ಮಾಡುತ್ತದೆ. ಐವತ್ತರವರೊಬ್ಬರು ಹಸಿರು ಗುರುತಿನ ಒಂದೇ ದಾರಿಯನ್ನು ಬೆಳಗಿನಿಂದ ಸಂಜೆಯವರೆಗೆ ಮತ್ತೆ ಮತ್ತೆ ಇಳಿಯಬಹುದು, ಲಿಫ್ಟಿನ ಟಿಕೆಟ್ಟಿಗೆ ದುಡ್ಡಿದ್ದರೆ.