ಆತ್ಮಹತ್ಯೆ: ದಂಡವೋ ಚಿಕಿತ್ಸೆಯೋ?

ಆತ್ಮಹತ್ಯೆಯ ವಿಷಯದಲ್ಲಿ ನಮ್ಮ ಪ್ರಾಚೀನರೆಲ್ಲರೂ ನಿಂದೆಯ ಮಾತನ್ನೇ ಆಡಿರುವರೆಂದು ಹಲವರು ತಿಳಿದಿರುವುದುಂಟು. ಧರ್ಮಾರ್ಥಶಾಸ್ತ್ರಗಳ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ತಮ್ಮನ್ನು ತಾವೇ ತ್ಯಜಿಸಿದವರಿಗೆ ಉದಕಕ್ರಿಯೆ ಸಲ್ಲದೆಂದು ಮನುಸ್ಮೃತಿಯ ಐದನೆಯ ಅಧ್ಯಾಯವು ವಿಧಿಸುತ್ತದೆ. ಕೌಟಿಲ್ಯನು ಇನ್ನೂ ಕಠಿನನು. ಅಂಥವರಿಗೆ ಶ್ಮಶಾನವಿಧಿಯನ್ನು ನಿಷೇಧಿಸಿದುದಲ್ಲದೆ, ಅದನ್ನು ನಡೆಸಿದ ಬಂಧುವನ್ನೂ ದಂಡನೆಗೆ ಗುರಿಮಾಡುತ್ತಾನೆ. ಈಶಾವಾಸ್ಯೋಪನಿಷತ್ತಿನ ‘ಆತ್ಮಹನ’ ಶಬ್ದವನ್ನು ಕೆಲವರು ಇಲ್ಲಿ ಪ್ರಮಾಣವಾಗಿ ಎತ್ತುವುದು ಮಾತ್ರ ಸಲ್ಲದು. ಶಂಕರಭಾಷ್ಯದಂತೆ ಅದಕ್ಕೆ ಆತ್ಮಜ್ಞಾನವಿಲ್ಲದವರೆಂದು ಅರ್ಥ.

ವೈದ್ಯಶಾಸ್ತ್ರದ ದಾರಿ ಬೇರೆ. ಚರಕಸಂಹಿತೆಯ ಉನ್ಮಾದಚಿಕಿತ್ಸಾಧ್ಯಾಯದಲ್ಲಿ ಮನಸ್ಸು ಕೆಟ್ಟವನನ್ನು ಸ್ನೇಹಿತನು ಧರ್ಮಾರ್ಥಯುಕ್ತವಾದ ಮಾತುಗಳಿಂದ ಸಮಾಧಾನಪಡಿಸಬೇಕೆಂದಿದೆ. ಅಲ್ಲಿಯೇ ಹೆದರಿಸುವ, ಹೊಡೆಯುವ ಉಪಾಯಗಳೂ ಹೇಳಲ್ಪಟ್ಟಿರುವುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಅಲ್ಲಿ ಅವನು ರೋಗಿಯೇ ಹೊರತು ಅಪರಾಧಿಯಲ್ಲ.

1860ರ ಭಾರತ ದಂಡಸಂಹಿತೆ ಅಪರಾಧಿಯೆಂದೇ ಎಣಿಸಿತು. ಅದರ 309ನೆಯ ಕಲಮಿನಂತೆ, ಸಾಯಲೆತ್ನಿಸಿ ಉಳಿದವನಿಗೆ ಒಂದು ವರ್ಷದವರೆಗೆ ಸೆರೆವಾಸ. ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಈ ಕಲಮನ್ನು ಅಸಿಂಧುವೆಂದಿತು; 1996ರಲ್ಲಿ ಸಂವಿಧಾನಪೀಠವು ಮರಳಿ ಎತ್ತಿಹಿಡಿಯಿತು. ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗಲಂಜುವ ಮನೆಯವರಿಗೆ ಈ ವ್ಯಾಖ್ಯಾನಭೇದದಿಂದ ಯಾವ ಉಪಕಾರವೂ ಆಗಲಿಲ್ಲ.

ಚಿಕಿತ್ಸೆಯ ದಾರಿಯನ್ನು ತೆರೆದವರು ನ್ಯಾಯವಾದಿಗಳಿಗಿಂತ ಮೊದಲು ವೈದ್ಯರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣವಿತ್ತು, ಮನೋರೋಗದ ಚಿಕಿತ್ಸೆ ಹಳ್ಳಿಯ ಸಮೀಪದಲ್ಲಿಯೇ ಸಾಧ್ಯವೆಂದು ತೋರಿಸಿದರು. 1996ರ ಜಿಲ್ಲಾ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿ. ನಮ್ಮ ನಾಡಿನ ಇತಿಹಾಸಕಾರರು ಇದನ್ನು ಇನ್ನಷ್ಟು ಗಮನಿಸತಕ್ಕದ್ದಾಗಿದೆ.

2017ರ ಮಾನಸಿಕ ಆರೋಗ್ಯರಕ್ಷಣಾ ಕಾಯಿದೆಯ 115ನೆಯ ಕಲಮು, ಸಾಯಲೆತ್ನಿಸಿದವರು ತೀವ್ರ ಮನೋವ್ಯಥೆಯಲ್ಲಿದ್ದರೆಂದು ಭಾವಿಸಿ, ಅವರ ಆರೈಕೆಯನ್ನು ಸರಕಾರದ ಕರ್ತವ್ಯವಾಗಿ ಮಾಡಿತು. 2022ರ ಆತ್ಮಹತ್ಯಾನಿವಾರಣ ಕಾರ್ಯನೀತಿಯು 2030ರೊಳಗೆ ಇಂಥ ಮರಣಗಳ ಪ್ರಮಾಣವನ್ನು ನೂರಕ್ಕೆ 10ರಷ್ಟು ಇಳಿಸುವ ಗುರಿಯಿಟ್ಟಿತು. ಅದೇ ವರ್ಷ ಟೆಲಿ ಮಾನಸ್ ಸೇವೆ ಪ್ರಾರಂಭವಾಯಿತು. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಸಮಾಧಾನ ಹೇಳುವವರಿರುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ 309ನೆಯ ಕಲಮಿಲ್ಲ. ಸರಕಾರಿ ಅಧಿಕಾರಿಯನ್ನು ನಿರ್ಬಂಧಿಸುವ ಉದ್ದೇಶದ ಯತ್ನ ಮಾತ್ರ ಇಂದಿಗೂ ಅಪರಾಧ.

ಕಾಯಿದೆ ಬದಲಾದರೂ ಭಾಷೆ ಬದಲಾಗಿಲ್ಲ. ಬ್ರಹ್ಮಹತ್ಯೆ, ಗೋಹತ್ಯೆಗಳ ಪಂಕ್ತಿಯಲ್ಲಿ ಕುಳಿತಿರುವ ‘ಆತ್ಮಹತ್ಯೆ’ ಶಬ್ದವು ಪಾತಕದ ವಾಸನೆಯನ್ನು ಬಿಟ್ಟಿಲ್ಲ. ಬೇರೆ ಶಬ್ದವಿಲ್ಲದೆ ಈ ಲೇಖನವೂ ಅದನ್ನೇ ಬಳಸಿದೆ.